ಕಂಪನಿ ಅಚ್ಚು ಹಾಕಿದ ವೆಂಕಟೇಶ್ವರ

ಚೆನ್ನೈನ ಸೌಕಾರ್‌ಪೇಟೆಗೆ ಹೋಗುವವರಲ್ಲಿ ಹೆಚ್ಚಿನವರು ತಿನ್ನುವುದಕ್ಕೋ ಕೊಳ್ಳುವುದಕ್ಕೋ ಹೋಗುತ್ತಾರೆ. ಮಿಂಟ್ ಸ್ಟ್ರೀಟಿನ ಕಚೋರಿ, ಜಿಲೇಬಿ, ಮುರುಕು ಸ್ಯಾಂಡ್‌ವಿಚ್ ಎಲ್ಲರಿಗೂ ಗೊತ್ತು. ಒಡವೆ ಅಂಗಡಿ, ಗಿರವಿ ಅಂಗಡಿ, ಬಟ್ಟೆಯ ಸಗಟು ಮಳಿಗೆಗಳ ನಡುವೆ ಉತ್ತರಕ್ಕೆ ಸಾಗಿದರೆ ಸರ್ಕಾರಿ ಮುದ್ರಣಾಲಯ ಸಿಗುತ್ತದೆ. ಬೀದಿಗೆ ಹೆಸರು ಕೊಟ್ಟ ಟಂಕಸಾಲೆ ಇದ್ದದ್ದು ಅಲ್ಲಿಯೇ. ಮೊದಲು ಕೋಟೆಯೊಳಗಿದ್ದ ಮದರಾಸಿನ ಟಂಕಸಾಲೆ 1840ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂತು, 1869ರಲ್ಲಿ ಮುಚ್ಚಿತು. ಕನ್ನಡಿಗರಿಗೆ ಈ ಟಂಕಸಾಲೆಯ ಜೊತೆ ಹಳೆಯ ಲೆಕ್ಕವೊಂದಿದೆ. ಅದನ್ನು ತಿಳಿಯಬೇಕಾದರೆ ಇಲ್ಲಿನ ಚಿನ್ನದ ನಾಣ್ಯವನ್ನು ಹತ್ತಿರದಿಂದ ನೋಡಬೇಕು.

ಕಡಲೆಕಾಳಿಗಿಂತ ತುಸು ದೊಡ್ಡದಾದ ಚಿನ್ನದ ಬಿಲ್ಲೆ, ತೂಕ ಸುಮಾರು 3.4 ಗ್ರಾಂ. ಒಂದು ಮುಖದಲ್ಲಿ ನಿಂತಿರುವ ವಿಷ್ಣು. ಇನ್ನೊಂದು ಮುಖ ತುಸು ಉಬ್ಬಿಕೊಂಡು, ತುಂಬ ರವೆಯಂಥ ಚುಕ್ಕಿಗಳು, ನಡುವೆ ಐದು ಮೊನೆಯ ನಕ್ಷತ್ರ. ಇಂಗ್ಲಿಷರು ಇದನ್ನು ಸ್ಟಾರ್ ಪಗೋಡ ಎಂದರು. ನಮ್ಮವರ ಲೆಕ್ಕದಲ್ಲಿ ಇದು ವರಹ. ಇದಕ್ಕೂ ಮುಂಚೆ ಇದೇ ಟಂಕಸಾಲೆಯಲ್ಲಿ ಇಬ್ಬರು ದೇವಿಯರ ನಡುವೆ ವೆಂಕಟೇಶ್ವರ ನಿಂತಿರುವ 'ಮೂರು ಸ್ವಾಮಿ' ವರಹವೂ ತಯಾರಾಗುತ್ತಿತ್ತು. ಲಂಡನ್ನಿನ ಕ್ರೈಸ್ತ ವರ್ತಕರ ಈಸ್ಟ್ ಇಂಡಿಯಾ ಕಂಪನಿ ತಿರುಪತಿಯ ದೇವರನ್ನು ಚಿನ್ನದ ಮೇಲೆ ಅಚ್ಚು ಹಾಕುತ್ತಿತ್ತು. ದಕ್ಷಿಣ ಭಾರತಕ್ಕೆ ಯುರೋಪಿನವರು ಬಂದ ಕತೆಯನ್ನು ಈ ಪುಟ್ಟ ಬಿಲ್ಲೆಯಷ್ಟು ಚೆನ್ನಾಗಿ ಹೇಳುವ ವಸ್ತು ಇನ್ನೊಂದಿಲ್ಲವೆಂದೇ ನನಗೆ ಅನ್ನಿಸುತ್ತದೆ.

1639ರಲ್ಲಿ ದಾಮರ್ಲ ವೆಂಕಟಾದ್ರಿ ನಾಯಕ ಕಂಪನಿಯ ಫ್ರಾನ್ಸಿಸ್ ಡೇಗೆ ಮದರಾಸಿನ ಮರಳು ದಂಡೆಯನ್ನು ಬಿಟ್ಟುಕೊಟ್ಟ. ಕೋಟೆ ಕಟ್ಟುವ ಅನುಮತಿಯ ಜೊತೆಗೆ ನಾಣ್ಯ ಟಂಕಿಸುವ ಹಕ್ಕೂ ಆ ಪತ್ರದಲ್ಲಿತ್ತು. ನಾಯಕನ ಮೇಲಿದ್ದವರು ವಿಜಯನಗರದ ಕೊನೆಯ ಅರಸು ಮನೆತನ, ಅರವೀಡು ವಂಶದವರು. ಹಂಪೆ ಹಾಳಾಗಿ ಮುಕ್ಕಾಲು ಶತಮಾನ ಕಳೆದಿದ್ದರೂ ವಿಜಯನಗರದ ವರಹದ ಮೇಲೆ ಜನರಿಗಿದ್ದ ನಂಬಿಕೆ ಹಾಳಾಗಿರಲಿಲ್ಲ. ಅರವೀಡು ವಂಶದ ವೆಂಕಟಪತಿ ರಾಯನ ನಾಣ್ಯದ ಮೇಲಿದ್ದವನೂ ವೆಂಕಟೇಶ್ವರನೇ. ನೇಕಾರ, ಬಣ್ಣಗಾರ, ಅಕ್ಕಿ ವ್ಯಾಪಾರಿ ಎಲ್ಲರೂ ಕೇಳುತ್ತಿದ್ದದ್ದು ಆ ಮುಖವಿರುವ ಚಿನ್ನವನ್ನು.

ಕಂಪನಿಯ ಕಷ್ಟ ಇದ್ದದ್ದು ಇಲ್ಲಿ. ಇಂಗ್ಲೆಂಡಿನ ದಪ್ಪ ಉಣ್ಣೆಬಟ್ಟೆ ಈ ಸೆಕೆಯ ಊರಿನಲ್ಲಿ ಯಾರಿಗೆ ಬೇಕು? ಇಲ್ಲಿನ ಹತ್ತಿ ಬಟ್ಟೆಗಾದರೋ ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಎಲ್ಲಿಲ್ಲದ ಬೇಡಿಕೆ. ಕೊಡಲು ಸರಕಿಲ್ಲದವರು ಚಿನ್ನ ಬೆಳ್ಳಿ ಕೊಡಬೇಕಾಯಿತು. ಸ್ಪೇನಿನ ಅಮೆರಿಕದ ಗಣಿಗಳಿಂದ ಯುರೋಪಿಗೆ ಬಂದ ಬೆಳ್ಳಿ ಅಲ್ಲಿಂದ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಆದರೆ ಬಂದ ಗಟ್ಟಿಯನ್ನು ಹಾಗೆಯೇ ಸಂತೆಗೆ ಒಯ್ಯುವಂತಿರಲಿಲ್ಲ. ಇಲ್ಲಿ ನಡೆಯುವ ನಾಣ್ಯ ಕೈಗೆ ಬಂದಮೇಲೆಯೇ ನೇಕಾರನಿಗೆ ಮುಂಗಡ.

ಇಂಗ್ಲಿಷರಿಗಿಂತ ಮೊದಲೇ ಈ ಪಾಠ ಕಲಿತವರು ಡಚ್ಚರು. ಚೆನ್ನೈಗೆ ಉತ್ತರದಲ್ಲಿರುವ ಪಳವೇರ್ಕಾಡಿನಲ್ಲಿ, ಅಂದರೆ ಪುಲಿಕಾಟ್‌ನಲ್ಲಿ, 1613ರಲ್ಲಿ ಗೆಲ್ಡ್ರಿಯಾ ಕೋಟೆ ಎದ್ದಿತು. ಅಲ್ಲಿನ ಟಂಕಸಾಲೆಯಲ್ಲಿ ತಾಮ್ರದ ಕಾಸುಗಳ ಮೇಲೆ ಡಚ್ ಕಂಪನಿಯ ಗುರುತು ಬಿತ್ತು, ಚಿನ್ನದ ವರಹಗಳ ಮೇಲೆ ಮಾತ್ರ ಇಲ್ಲಿನ ದೇವರೇ. ಅವರು ಜಪಾನಿನ ಚಿನ್ನ, ತಾಮ್ರಗಳನ್ನೂ ಈ ಕರಾವಳಿಗೆ ತರುತ್ತಿದ್ದರು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ತರಂಗಂಬಾಡಿಯನ್ನು ಪಡೆದ ಡೇನರ ಕೈಯಲ್ಲಿ ಅಷ್ಟು ಬಂಡವಾಳವಿರಲಿಲ್ಲ. ಅವರು ಸೀಸದ ಕಾಸುಗಳನ್ನು ಹಾಕಿದರು. ಯಾವ ದೇಶದ ಜೇಬು ಎಷ್ಟು ಆಳವೆಂಬುದು ಲೋಹದಲ್ಲೇ ಕಾಣುತ್ತದೆ.

ಕೆಲಸ ಮಾತ್ರ ಎಲ್ಲ ಕಡೆಯೂ ಇಲ್ಲಿನವರದೇ. ಚಿನ್ನವನ್ನು ಕರಗಿಸಿ, ಗೊತ್ತಾದ ತೂಕಕ್ಕೆ ಚೂರು ಮಾಡಿ, ಆ ಚೂರನ್ನು ಗುಂಡಾಗಿಸಿ ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಬೇಕು. ಅಚ್ಚು ನಾಣ್ಯಕ್ಕಿಂತ ದೊಡ್ಡದಿರುವುದರಿಂದ ಎಷ್ಟೋ ನಾಣ್ಯಗಳಲ್ಲಿ ದೇವರ ಕಿರೀಟವೋ ಪಾದವೋ ಆಚೆಗೆ ಉಳಿದುಬಿಡುತ್ತದೆ. ಆಮೇಲಿನದು ಚಿನಿವಾರರ ಕೆಲಸ. ಒರೆಗಲ್ಲಿಗೆ ತಿಕ್ಕಿ, ಗೆರೆಯ ಬಣ್ಣ ನೋಡಿ, ಯಾವ ಟಂಕಸಾಲೆಯ ವರಹಕ್ಕೆ ಎಷ್ಟು ವಟ್ಟ ಕಳೆಯಬೇಕೆಂದು ಅವರು ಹೇಳುತ್ತಿದ್ದರು. ಮದರಾಸಿನ ವರಹ, ಪುಲಿಕಾಟಿನ ವರಹ, ಇಕ್ಕೇರಿಯ ವರಹ ಒಂದೇ ಬೆಲೆಗೆ ಹೋಗುತ್ತಿರಲಿಲ್ಲ. ಇಷ್ಟು ಕಣ್ಣಳತೆ ಇದ್ದವರು ಕೈಬಿಟ್ಟರೆ ಕೋಟೆಯೊಳಗಿನ ಸಾಹೇಬರ ವ್ಯಾಪಾರ ಅಂದೇ ನಿಲ್ಲುತ್ತಿತ್ತು. ಚರಿತ್ರೆಯ ಪಾಠಗಳಲ್ಲಿ ಇವರಿಗೆ ಒಂದು ಸಾಲೂ ಸಿಗದಿರುವುದು ನನಗೆ ನೋವಿನ ಸಂಗತಿ.

ಮದರಾಸಿನ ಲೆಕ್ಕದಲ್ಲಿ 80 ಕಾಸಿಗೆ ಒಂದು ಫಣ, 42 ಫಣಕ್ಕೆ ಒಂದು ಸ್ಟಾರ್ ಪಗೋಡ. ರೂಪಾಯಿಯಲ್ಲಿ ಅದು ಮೂರೂವರೆ.

ಹೊತ್ತು ಹೋದಂತೆ ಯುರೋಪಿನ ಆರ್ಥಿಕತೆ ಬದಲಾಯಿತು, ನಾಣ್ಯಗಳೂ ಬದಲಾದವು. 1803ರಲ್ಲಿ ಮದರಾಸಿನ 20 ಕಾಸಿನ ತಾಮ್ರದ ನಾಣ್ಯ ಬಂದದ್ದು ಬರ್ಮಿಂಗ್‌ಹ್ಯಾಮಿನಿಂದ. ಅಲ್ಲಿ ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆಯಲ್ಲಿ ಉಗಿಯಂತ್ರಗಳು ಅಚ್ಚು ಹಾಕುತ್ತಿದ್ದವು. 1809ರ ಜನವರಿಯಲ್ಲಿ ಇಂಥ ಕಾಸುಗಳನ್ನು ತುಂಬಿಕೊಂಡು ಮದರಾಸಿಗೆ ಹೊರಟ 'ಅಡ್ಮಿರಲ್ ಗಾರ್ಡ್‌ನರ್' ಹಡಗು ಇಂಗ್ಲೆಂಡಿನ ದಂಡೆ ದಾಟುವ ಮೊದಲೇ ಗುಡ್‌ವಿನ್ ಮರಳದಿಬ್ಬಗಳಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಲಕ್ಷಗಟ್ಟಲೆ ಕಾಸುಗಳನ್ನು ಮೇಲೆತ್ತಿದರು. ಮದರಾಸಿನಲ್ಲಿ ಒಮ್ಮೆಯೂ ಖರ್ಚಾಗದ ಆ ಕಾಸುಗಳು ಈಗ ಸಂಗ್ರಾಹಕರ ಕೈಯಲ್ಲಿವೆ. ಮದರಾಸಿಗೂ ಹೊಸ ಯಂತ್ರ ಬಂತು. 1807ರ ಹೊತ್ತಿಗೆ ಇಲ್ಲಿ ತಯಾರಾದ ಬೆಳ್ಳಿಯ ಅರ್ಧ ಪಗೋಡದ ಮೇಲೆ ಒಂದು ಕಡೆ ದೇವಸ್ಥಾನದ ಗೋಪುರ, ಇನ್ನೊಂದು ಕಡೆ ವಿಷ್ಣು, ಸುತ್ತ ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ಬರಹ. ಕೆಲವನ್ನು ಸ್ಪೇನಿನ ಡಾಲರುಗಳ ಮೇಲೆಯೇ ಅಚ್ಚು ಹಾಕಿದ್ದರಿಂದ ಅಡಿಯಲ್ಲಿ ಹಳೆಯ ನಾಣ್ಯದ ಗುರುತು ಇಣುಕುತ್ತದೆ.

ಇನ್ನು ನಮ್ಮ ಲೆಕ್ಕ. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಕೆಳದಿ ಅರಸರ ಶಿವ ಪಾರ್ವತಿಯರನ್ನೇ ತನ್ನ ವರಹದ ಮೇಲೆ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿಯಲ್ಲಿ ಒತ್ತಿಸಿದ. ಅವನಿಗೂ ಕಂಪನಿಗೂ ಎಷ್ಟೇ ಹಗೆಯಿದ್ದರೂ ಈ ವಿಷಯದಲ್ಲಿ ಇಬ್ಬರೂ ಜನರ ಮಾತಿಗೆ ತಲೆಬಾಗಿದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರು ಮರಳಿತು. ಜೊತೆಗೆ ಬಂದ ಸಹಾಯಕ ಸೈನ್ಯದ ಒಪ್ಪಂದದಲ್ಲಿ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳ ಪೊಗದಿಯೂ ಬಂತು. ವರಹಕ್ಕೆ ಮೂರೂವರೆಯಂತೆ ಅದು 24.5 ಲಕ್ಷ ರೂಪಾಯಿ.

1818ರಲ್ಲಿ ಮದರಾಸು ಪ್ರಾಂತ್ಯ ಚಿನ್ನದ ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಒಪ್ಪಿತು. ಅರ್ಧ ಶತಮಾನದ ಮೇಲೆ ಟಂಕಸಾಲೆಗೂ ಬೀಗ ಬಿತ್ತು. ಮೈಸೂರಿನ ರೈತ ಕಟ್ಟಿದ ಕಂದಾಯದಲ್ಲಿ ಮಾತ್ರ ಆ ಏಳು ಲಕ್ಷ ವರಹ ತಪ್ಪದೆ ಹೋಗುತ್ತಿತ್ತು. 1896ರಿಂದ ಪೊಗದಿ 35 ಲಕ್ಷ ರೂಪಾಯಿಗೆ ಏರಿತು. ಇಳಿಸಬೇಕೆಂದು ಮೈಸೂರು ಬಹುಕಾಲ ಕೇಳುತ್ತಲೇ ಬಂತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1928ರ ಹೊತ್ತಿಗೆ, ಬ್ರಿಟಿಷರು ಹತ್ತೂವರೆ ಲಕ್ಷ ಬಿಟ್ಟುಕೊಟ್ಟರು. ಉಳಿದದ್ದು 24.5 ಲಕ್ಷ, ಅಂದರೆ ಅದೇ ಏಳು ಲಕ್ಷ ನಕ್ಷತ್ರದ ವರಹ.