ವಾಹನದ ಬ್ಯಾಟರಿ ನಿಷ್ಕ್ರಿಯಗೊಂಡಾಗ: ಪರೀಕ್ಷೆ, ಹೊಸ ಬ್ಯಾಟರಿಯ ಆಯ್ಕೆ ಮತ್ತು ಗ್ರಾಹಕರ ಹಕ್ಕು

ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಹಾಗೂ ಅದರ ಸುತ್ತಲಿನ ತಾಂಡಾಗಳು ತೆಲಂಗಾಣದ ಗಡಿಗೆ ಹೊಂದಿಕೊಂಡ ಅರಣ್ಯ ಪ್ರದೇಶದಲ್ಲಿವೆ. ಈ ಭಾಗದ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ರಾತ್ರಿ ವೇಳೆ ಹೆರಿಗೆಗಾಗಿ ಅಥವಾ ಹಾವು ಕಡಿತಕ್ಕೊಳಗಾದವರನ್ನು ಆಸ್ಪತ್ರೆಗೆ ಸಾಗಿಸಬೇಕಾದ ಸಂದರ್ಭದಲ್ಲಿ ತಾಂಡಾದಲ್ಲಿರುವ ಒಂದೇ ಜೀಪು ಚಾಲೂ ಆಗದಿದ್ದರೆ ಉಂಟಾಗುವ ತೊಂದರೆಯನ್ನು ವಿವರಿಸುವ ಅವಶ್ಯಕತೆ ಇರುವುದಿಲ್ಲ. ಇಂತಹ ಅನುಭವದ ನಂತರ ವಾಹನ ಮಾಲೀಕರು ಮರುದಿನವೇ ಚಿಂಚೋಳಿಗೆ, ಇಲ್ಲವೇ ಗಡಿಯಾಚೆಯ ತಾಂಡೂರು ಅಥವಾ ಜಹೀರಾಬಾದಿಗೆ ತೆರಳಿ ಹೊಸ ಬ್ಯಾಟರಿ ಖರೀದಿಸುವುದು ಸಾಮಾನ್ಯ. ದೋಷವು ಬ್ಯಾಟರಿಯಲ್ಲಿ ಇಲ್ಲದೇ ಹೋದಲ್ಲಿ ಕೆಲವೇ ದಿನಗಳಲ್ಲಿ ಹೊಸ ಬ್ಯಾಟರಿಯೂ ಖಾಲಿಯಾಗುತ್ತದೆ. ಆದ್ದರಿಂದ ಹಣ ತೆರುವ ಮುನ್ನ ಪರೀಕ್ಷೆ ಮಾಡಿಸುವುದು ಅವಶ್ಯಕ.

ದೋಷವನ್ನು ಪತ್ತೆ ಹಚ್ಚುವ ಕ್ರಮ

ಮೊದಲಿಗೆ ಬ್ಯಾಟರಿಯ ಎರಡೂ ಟರ್ಮಿನಲ್‌ಗಳನ್ನು ನೋಡತಕ್ಕದ್ದು. ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿಕೊಂಡಿದ್ದರೆ ಅಥವಾ ಕ್ಲಾಂಪ್ ಸಡಿಲವಾಗಿದ್ದರೆ ಬ್ಯಾಟರಿ ಸುಸ್ಥಿತಿಯಲ್ಲಿದ್ದರೂ ಸೆಲ್ಫ್ ತಿರುಗುವುದಿಲ್ಲ. ಎಂಜಿನ್ ಬಂದ್ ಮಾಡಿ, ಮೊದಲು ಋಣ (ಮೈನಸ್) ತಂತಿಯನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಿಂದ ಟರ್ಮಿನಲ್‌ಗಳನ್ನು ತೊಳೆದು, ಒರೆಸಿ, ಬಿಗಿಗೊಳಿಸಿದ ನಂತರ ಪುನಃ ಪ್ರಯತ್ನಿಸಬಹುದು. ಈ ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಎಚ್ಚರ ವಹಿಸಬೇಕು. ಅನೇಕ ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ.

ಇದರಿಂದ ಪರಿಹಾರವಾಗದಿದ್ದಲ್ಲಿ ಮಲ್ಟಿಮೀಟರ್‌ನಿಂದ ಅಳತೆ ಮಾಡಿಸಬೇಕು. ವಾಹನವನ್ನು ಮೂರು ನಾಲ್ಕು ಗಂಟೆ ನಿಲ್ಲಿಸಿದ ನಂತರ 12 ವೋಲ್ಟ್ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜ್ ಇದೆಯೆಂದೂ, 12.2 ತೋರಿಸಿದರೆ ಅರ್ಧದಷ್ಟು ಇದೆಯೆಂದೂ, 11.8ಕ್ಕಿಂತ ಕಡಿಮೆ ಇದ್ದರೆ ಖಾಲಿಯಾಗಿದೆಯೆಂದೂ ತಿಳಿಯಬೇಕು. ಖಾಲಿಯಾದ ಬ್ಯಾಟರಿಯೆಲ್ಲ ಕೆಟ್ಟ ಬ್ಯಾಟರಿ ಅಲ್ಲ. ರಾತ್ರಿಯಿಡೀ ದೀಪ ಉರಿದಿದ್ದರೂ, ಟೇಪ್ ರೆಕಾರ್ಡರಿನ ತಂತಿಯನ್ನು ತಪ್ಪಾಗಿ ಜೋಡಿಸಿದ್ದರೂ ಹೀಗಾಗಬಹುದು. ಪೂರ್ಣವಾಗಿ ಚಾರ್ಜ್ ಮಾಡಿಸಿದ ಬಳಿಕ ಸೆಲ್ಫ್ ಹಾಕುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯ ಶಕ್ತಿ ಕುಗ್ಗಿದೆ ಎನ್ನಬಹುದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್ ಪರೀಕ್ಷೆ ಇನ್ನೂ ನಿಖರವಾದುದು. ಆರು ಸೆಲ್‌ಗಳ ಪೈಕಿ ಯಾವುದೋ ಒಂದರಲ್ಲಿ ಆಮ್ಲದ ಸಾಂದ್ರತೆ ಉಳಿದವುಗಳಿಗಿಂತ 0.050ಕ್ಕೂ ಹೆಚ್ಚು ಕಡಿಮೆ ಇದ್ದರೆ ಆ ಸೆಲ್ ಕೆಟ್ಟಿರುತ್ತದೆ. ಅಂತಹ ಬ್ಯಾಟರಿಗೆ ಹೊಸ ಆಮ್ಲ ತುಂಬಿಸಿ ರಿಪೇರಿ ಮಾಡಿಕೊಡುವುದಾಗಿ ಹೇಳುವವರನ್ನು ನಂಬಬಾರದು.

ಕೊನೆಯದಾಗಿ ಡೈನಮೋ, ಅಂದರೆ ಆಲ್ಟರ್ನೇಟರ್. ಎಂಜಿನ್ ಚಾಲನೆಯಲ್ಲಿರುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಆಗುತ್ತಿಲ್ಲ. 15 ಮೀರಿದರೆ ಬ್ಯಾಟರಿಯ ನೀರು ಕುದಿದು ಆವಿಯಾಗುತ್ತದೆ. ಇವೆರಡರಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿಯ ಹಣ ವ್ಯರ್ಥ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಬಿಚ್ಚಿ ಡೈನಮೋ ಪರೀಕ್ಷಿಸುವುದು ಹಳೆಯ ಜೀಪುಗಳ ಕಾಲದ ಪದ್ಧತಿ. ಇಂದಿನ ವಾಹನಗಳಲ್ಲಿ ಇದರಿಂದ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುವ ಸಂಭವವಿರುತ್ತದೆ.

ಬೇಸಿಗೆ ಮತ್ತು ನೀರು

ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ತಾಪಮಾನ 10 ಡಿಗ್ರಿ ಏರಿದಂತೆಲ್ಲ ಬ್ಯಾಟರಿಯೊಳಗಿನ ಸವೆತ ಸ್ಥೂಲವಾಗಿ ಎರಡು ಪಟ್ಟಾಗುತ್ತದೆ. ಡಿಸೆಂಬರ್ ತಿಂಗಳ ಚಳಿಯಲ್ಲಿ ಕೈಕೊಡುವ ಬ್ಯಾಟರಿಯು ವಾಸ್ತವವಾಗಿ ಬೇಸಿಗೆಯಲ್ಲಿಯೇ ಹಾಳಾಗಿರುತ್ತದೆ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗವು ಸುಣ್ಣಕಲ್ಲಿನ ನೆಲವಾಗಿದ್ದು, ಕೊಳವೆ ಬಾವಿಯ ನೀರಿನಲ್ಲಿರುವ ಲವಣಗಳು ಬ್ಯಾಟರಿಯ ಪ್ಲೇಟುಗಳನ್ನು ಕೆಡಿಸುತ್ತವೆ. ಕುಡಿಯಲು ಯೋಗ್ಯವಾದ ನೀರು ಬ್ಯಾಟರಿಗೂ ಯೋಗ್ಯವೆಂದು ಭಾವಿಸಬಾರದು.

ಹೊಸ ಬ್ಯಾಟರಿ ಖರೀದಿಸುವಾಗ

ವಾಹನ ತಯಾರಕರು ಸೂಚಿಸಿದ ಆಂಪಿಯರ್-ಅವರ್ ಸಾಮರ್ಥ್ಯ, ಅಳತೆ ಹಾಗೂ ಟರ್ಮಿನಲ್‌ಗಳ ದಿಕ್ಕು ಹೊಂದಿಕೆಯಾಗಬೇಕು. ಡೀಸೆಲ್ ಜೀಪಿಗೆ ಅಗ್ಗವೆಂದು ಸಣ್ಣ ಕಾರಿನ ಬ್ಯಾಟರಿ ಅಳವಡಿಸಿದಲ್ಲಿ ಅದು ಬೇಗನೆ ಸೋಲುತ್ತದೆ. ತಯಾರಾದ ತಿಂಗಳು ಮತ್ತು ವರ್ಷವನ್ನು ಕೇಳಿ ನೋಡತಕ್ಕದ್ದು. ಅಂಗಡಿಯಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಚಾರ್ಜ್ ಇಲ್ಲದೆ ಇದ್ದ ಬ್ಯಾಟರಿಯನ್ನು ತಿರಸ್ಕರಿಸುವುದು ಒಳ್ಳೆಯದು.

ವಾರಂಟಿಯ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ಓದಬೇಕು. "48 ತಿಂಗಳು" ಎಂದು ಹೇಳಿ ಮಾರುವ ಬ್ಯಾಟರಿಯ ಕಾರ್ಡಿನಲ್ಲಿ "24+24" ಎಂದಿದ್ದರೆ, ಮೊದಲ 24 ತಿಂಗಳು ಮಾತ್ರ ಉಚಿತ ಬದಲಾವಣೆ. ನಂತರದ ಅವಧಿಗೆ ಮುದ್ರಿತ ಬೆಲೆಯ ಮೇಲೆ ರಿಯಾಯಿತಿ ಮಾತ್ರ. ಉದಾಹರಣೆಗೆ ಮುದ್ರಿತ ಬೆಲೆ ರೂ. 6,000 ಇದ್ದು, ಶೇ. 30 ರಿಯಾಯಿತಿ ದೊರೆತರೆ ಗ್ರಾಹಕರು ರೂ. 4,200 ತೆರಬೇಕು. ಅದೇ ಬ್ಯಾಟರಿಯು ಹಳೆಯದನ್ನು ಕೊಟ್ಟವರಿಗೆ ಪೇಟೆಯಲ್ಲಿ ರೂ. 5,000ಕ್ಕೆ ಸಿಗುವಂತಿದ್ದರೆ ನಿಜವಾದ ಉಳಿತಾಯ ರೂ. 800 ಮಾತ್ರ. ಆದುದರಿಂದ ಒಟ್ಟು ತಿಂಗಳುಗಳಿಗಿಂತ ಉಚಿತ ಅವಧಿಯನ್ನೇ ಹೋಲಿಸಿ ನೋಡುವುದು ಸೂಕ್ತ. ಬಾಡಿಗೆಗೆ ಓಡುವ ವಾಹನಗಳಿಗೆ ಹಲವು ಕಂಪನಿಗಳು ಕಡಿಮೆ ಅವಧಿಯ ವಾರಂಟಿ ನೀಡುತ್ತವೆ. ಹಳದಿ ಫಲಕದ ಟಂಟಂ ಅಥವಾ ಕ್ರೂಸರ್‌ಗೆ ಸ್ವಂತ ಕಾರಿನ ನಂಬರ್ ಬರೆಸಿದ ಕಾರ್ಡು ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಬ್ಯಾಟರಿಯ ಕ್ರಮಸಂಖ್ಯೆ ನಮೂದಾಗಿರುವ ಬಿಲ್ಲನ್ನು ತಪ್ಪದೆ ಪಡೆಯತಕ್ಕದ್ದು. ಬ್ಯಾಟರಿಗಳ ಮೇಲಿನ ಜಿಎಸ್‌ಟಿಯನ್ನು 22-09-2025ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ತೆರಿಗೆ ಉಳಿಸಿಕೊಡುವುದಾಗಿ ಹೇಳಿ ಬಿಲ್ ಇಲ್ಲದೆ ಮಾರುವವರಿಂದ ಖರೀದಿಸಿದಲ್ಲಿ ವಾರಂಟಿಯೂ ಇಲ್ಲ, ದೂರಿಗೆ ಆಧಾರವೂ ಇಲ್ಲ.

ಮಾರಾಟಗಾರರು ವಾರಂಟಿ ನಿರಾಕರಿಸಿದಲ್ಲಿ

ಮೊದಲು ಲಿಖಿತ ದೂರು ನೀಡಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕ ಇರುವುದಿಲ್ಲ.

ಗಡಿ ಭಾಗದ ಸಾರ್ವಜನಿಕರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ತಾವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ತಾಂಡೂರಿನಲ್ಲಿ ಕೊಂಡ ಬ್ಯಾಟರಿಗೆ ತೆಲಂಗಾಣಕ್ಕೆ ಅಲೆಯುವ ಅಗತ್ಯವಿಲ್ಲ. ಅದೇ ರೀತಿ, ವಾಣಿಜ್ಯ ಉದ್ದೇಶದ ಖರೀದಿದಾರರು ಈ ಕಾಯ್ದೆಯಡಿ ಗ್ರಾಹಕರಲ್ಲವಾದರೂ, ಸ್ವಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ತಮ್ಮ ಒಂದು ಜೀಪನ್ನು ತಾವೇ ಓಡಿಸುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಬಾಡಿಗೆ ವಾಹನವೆಂದು ಹೇಳಿ ಅಂಗಡಿಯವರು ಹೆದರಿಸಿದರೆ ಹಿಂಜರಿಯಬೇಕಾಗಿಲ್ಲ.

ಹಳೆಯ ಬ್ಯಾಟರಿ

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರನ್ವಯ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗೆ ನೀಡಬೇಕು. ಹೊಸದನ್ನು ಕೊಳ್ಳುವ ಅಂಗಡಿಗೇ ಒಪ್ಪಿಸಿ, ಅದಕ್ಕೆ ಕಡಿತಗೊಳಿಸಿದ ಮೊತ್ತವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಸುಲಭದ ಮಾರ್ಗ. ಗುಜರಿಯವರು ನೂರಿನ್ನೂರು ರೂಪಾಯಿ ಹೆಚ್ಚು ಕೊಡಬಹುದು. ಆದರೆ ಬಯಲಿನಲ್ಲಿ ಒಡೆದು ಕರಗಿಸಿದ ಸೀಸವು ಮಣ್ಣಿನಲ್ಲಿಯೇ ಉಳಿದು, ಅಲ್ಲಿ ಆಡುವ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಆಮ್ಲವನ್ನು ಹೊಲದಲ್ಲಾಗಲಿ, ಹಳ್ಳದಲ್ಲಾಗಲಿ ಸುರಿಯಬಾರದು.