ಚೀನೀಯರ ಹಬ್ಬಗಳೂ ನಮ್ಮ ಸಂಕ್ರಾಂತಿಯೂ

ಮಕರ ಸಂಕ್ರಾಂತಿಯ ಸಂಜೆ ಕೆರಗೋಡೂ ಸೇರಿದಂತೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ರೈತರು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತಾರೆ. ಮನೆಮನೆಗೂ ಎಳ್ಳುಬೆಲ್ಲ ಬೀರುವುದುಂಟು. ಈ ಹಬ್ಬ ಈಗ ಜನವರಿ 14 ಇಲ್ಲವೆ 15ರಂದೇ ಬರುತ್ತದೆ. ಯುಗಾದಿಯಾದರೋ 2023ರಲ್ಲಿ ಮಾರ್ಚ್ 22ರಂದೂ 2024ರಲ್ಲಿ ಏಪ್ರಿಲ್ 9ರಂದೂ ಬಂದಿತು. ಒಂದು ಹಬ್ಬ ನಿಂತಲ್ಲೇ ನಿಂತಿರುವಾಗ ಇನ್ನೊಂದು ಅಲೆಯುವುದೇಕೆ? ಚೀನದ ವಿದ್ಯಾರ್ಥಿಗೂ ಇದೇ ಸಂದೇಹ ಹುಟ್ಟಬಹುದು. ಏಕೆಂದರೆ ಅಲ್ಲಿಯೂ ಹಬ್ಬಗಳು ಎರಡು ಬಗೆ.

ಚೀನೀಯರ ಹೊಸವರ್ಷವಾದ ವಸಂತೋತ್ಸವ ಚಂದ್ರನನ್ನು ಅನುಸರಿಸಿ ಜನವರಿ 21 ಮತ್ತು ಫೆಬ್ರವರಿ 20ರ ನಡುವೆ ಬರುತ್ತದೆ. ಹಿಂದಿನ ರಾತ್ರಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಬಾಗಿಲಿಗೆ ಕೆಂಪು ಕಾಗದದ ಮೇಲೆ ಬರೆದ ಶುಭವಾಕ್ಯಗಳನ್ನು ಅಂಟಿಸುತ್ತಾರೆ. ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುತ್ತಾರೆ. ಹದಿನೈದನೆಯ ದಿನ, ಹುಣ್ಣಿಮೆಯಂದು, ದೀಪಗಳ ಹಬ್ಬ. ಎಂಟನೆಯ ತಿಂಗಳ ಹುಣ್ಣಿಮೆಗೆ ಚಂದ್ರನನ್ನು ನೋಡುತ್ತ ದುಂಡನೆಯ ಸಿಹಿ ಕಜ್ಜಾಯ ತಿನ್ನುವರು. ಹಿರಿಯರ ಸಮಾಧಿಗಳನ್ನು ಗುಡಿಸಿ ಗೌರವ ಸಲ್ಲಿಸುವ ಛಿಂಗ್‌ಮಿಂಗ್ ಮಾತ್ರ ಸೂರ್ಯನನ್ನು ಅನುಸರಿಸುವುದರಿಂದ ಏಪ್ರಿಲ್ 5ರ ಆಸುಪಾಸಿನಲ್ಲಿಯೇ ಇರುತ್ತದೆ.

ಸೂರ್ಯ ಚಂದ್ರರಿಬ್ಬರನ್ನೂ ಒಂದೇ ಪಂಚಾಂಗದಲ್ಲಿ ಹೊಂದಿಸುವುದು ಸುಲಭವಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ಅಂಥ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಮೆಯಾಯಿತು. ಹೀಗೆಯೇ ಬಿಟ್ಟರೆ ಯುಗಾದಿ ಹಿಂದೆ ಸರಿದು ಮಳೆಗಾಲಕ್ಕೂ ಬಂದೀತು! ಆದ್ದರಿಂದ 19 ವರ್ಷಗಳಲ್ಲಿ ಸಾಮಾನ್ಯವಾಗಿ 7 ತಿಂಗಳುಗಳನ್ನು ಹೆಚ್ಚಾಗಿ ಸೇರಿಸಬೇಕು. ಯಾವುದು ಆ ಅಧಿಕಮಾಸ? ಸೂರ್ಯನು ಹೊಸ ರಾಶಿಯನ್ನು ಪ್ರವೇಶಿಸದ, ಎಂದರೆ ಸಂಕ್ರಾಂತಿಯಿಲ್ಲದ ಚಾಂದ್ರಮಾಸ ಎನ್ನುವುದು ನಮ್ಮವರ ಉತ್ತರ. ಚೀನೀಯರೂ ಸೂರ್ಯಪಥವನ್ನು ಇಪ್ಪತ್ನಾಲ್ಕು ಭಾಗ ಮಾಡಿ, ಅವುಗಳಲ್ಲಿ ಹನ್ನೆರಡನ್ನು ಪ್ರಧಾನವೆಂದು ಗಣಿಸಿ, ಹೆಚ್ಚಿನ ತಿಂಗಳು ಬೇಕಾದಾಗ ಪ್ರಧಾನ ಬಿಂದುವಿಲ್ಲದ ತಿಂಗಳನ್ನೇ ಆರಿಸುತ್ತಾರೆ. ಉಪಾಯ ಒಂದೇ ಅಲ್ಲವೆ?

ಆದರೂ ಫಲ ಒಂದೇ ಆಗಲಿಲ್ಲ. 2023ರ ಮಾರ್ಚ್ 22ರಂದು ನಾವು ಬೇವುಬೆಲ್ಲ ಹಂಚುತ್ತಿದ್ದಾಗ, ಚೀನದಲ್ಲಿ ಅಂದೇ ಎರಡನೆಯ ತಿಂಗಳು ಮತ್ತೊಮ್ಮೆ, ಅಧಿಕವಾಗಿ, ಆರಂಭವಾಗಿತ್ತು. ನಮಗೆ ಆ ವರ್ಷ ಅಧಿಕ ಶ್ರಾವಣವು ಜುಲೈ 18ರಂದು ಮೊದಲಾಯಿತು. ಈ ವ್ಯತ್ಯಾಸಕ್ಕೆ ಕಾರಣ ಸೂರ್ಯನ ಸ್ಥಾನವನ್ನು ಅಳೆಯುವ ಕ್ರಮ. ಚೀನೀಯರು ವಿಷುವದ್ಬಿಂದುವಿನಿಂದ ಅಳೆಯುತ್ತಾರೆ. ನಮ್ಮ ಪಂಚಾಂಗಗಳು ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡಿವೆ. ಭೂಮಿಯ ಅಕ್ಷವು ತಿರುಗುವ ಬುಗುರಿಯಂತೆ ನಿಧಾನವಾಗಿ ಓಲುವುದರಿಂದ ನಕ್ಷತ್ರವರ್ಷವು ಋತುವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘ. ಈ ಇಪ್ಪತ್ತು ನಿಮಿಷಗಳು ಕೂಡಿ ಸುಮಾರು 70 ವರ್ಷಗಳಿಗೆ ಒಂದು ದಿನವಾಗುತ್ತದೆ.

ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಾಂತಿಯೂ ಉತ್ತರಾಯಣದ ಆರಂಭವೂ ಒಂದೇ ದಿನ ಬರುತ್ತಿದ್ದುವು. ಇಂದು ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಚೀನೀಯರ ಚಳಿಗಾಲದ ಹಬ್ಬವಾದ ದೋಂಗ್‌ಝೀ ಇಂದಿಗೂ ಆ ದಿನವೇ ಬರುತ್ತದೆ. ದಕ್ಷಿಣದವರು ಅಂದು ಅಕ್ಕಿಹಿಟ್ಟಿನ ಉಂಡೆಗಳನ್ನು ಬೇಯಿಸಿ ತಿನ್ನುತ್ತಾರೆ. ನಮ್ಮ ಸಂಕ್ರಾಂತಿಯಾದರೋ ಹೀಗೆಯೇ ಸರಿಯುತ್ತ ಹೋದರೆ ಮುಂದೊಮ್ಮೆ ಸುಗ್ಗಿಯ ಕಾಲವನ್ನೇ ದಾಟಿಹೋಗುವುದು.

ಕಾಲಗಣನೆಯನ್ನು ತಿದ್ದುವ ಯತ್ನಗಳು ಎರಡು ದೇಶಗಳಲ್ಲಿಯೂ ನಡೆದಿವೆ. ಚೀನದ ಗಣರಾಜ್ಯವು 1912ರಲ್ಲಿ ಜನವರಿ ಮೊದಲಾದ ತಿಂಗಳುಗಳನ್ನು ಸ್ವೀಕರಿಸಿತು. 1949ರ ಅಕ್ಟೋಬರ್ 1ರಂದು ಜನಗಣರಾಜ್ಯ ಸ್ಥಾಪನೆಯಾದುದರಿಂದ ಆ ದಿನ ಅಲ್ಲಿ ರಾಷ್ಟ್ರೀಯ ಹಬ್ಬ. ಆದರೆ ಹಳೆಯ ಹಬ್ಬಗಳು ಅಳಿಯಲಿಲ್ಲ. 2008ರಿಂದ ಛಿಂಗ್‌ಮಿಂಗ್‌ಗೂ ಸಾರ್ವಜನಿಕ ರಜೆಯುಂಟು. ನಮ್ಮಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಶ್ರಮದಿಂದ ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗವು 1957ರ ಮಾರ್ಚ್ 22ರಂದು ಜಾರಿಗೆ ಬಂದಿತು. ಸರ್ಕಾರದ ಕಾಗದಗಳಲ್ಲಿ ಅದು ಉಳಿದಿದೆ. ಹಬ್ಬಗಳು ಮಾತ್ರ ಹಳೆಯ ಗಣನೆಯಲ್ಲಿಯೇ ನಡೆದಿವೆ.

ಇದನ್ನು ನಂಬಲು ಯಾವ ಗ್ರಂಥವೂ ಬೇಡ. ಕೆರಗೋಡಿನ ಕಣವೊಂದರಲ್ಲಿ 100 ಸೆಂಟಿಮೀಟರು ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳು ದಿನದಲ್ಲೆಲ್ಲ ಅತ್ಯಂತ ಚಿಕ್ಕದಾಗುವ ನಡುಹಗಲಿನಲ್ಲಿ ಅಳೆಯಿರಿ. ಡಿಸೆಂಬರ್ 22ರಂದು ಅದು ಸುಮಾರು 73 ಸೆಂಟಿಮೀಟರು. ಸಂಕ್ರಾಂತಿಯ ದಿನ ಸುಮಾರು 67. ಕಿಚ್ಚು ಹಾಯಿಸುವ ಹೊತ್ತಿಗೆ ಸೂರ್ಯನು ಆಗಲೇ ಉತ್ತರದ ದಾರಿ ಹಿಡಿದು ಮೂರು ವಾರಗಳು ಕಳೆದಿವೆಯೆಂದು ಆ ಕೋಲೇ ಹೇಳುವುದು. ಹಬ್ಬವನ್ನು ಎಂದಿನಂತೆ ಸಂತೋಷದಿಂದ ಆಚರಿಸೋಣ, ನೆರಳನ್ನೂ ಅಳೆಯೋಣ.