ಇನ್ನೊಂದೇ ದಿನದ ದಾರಿ

"ತಾತಾ, ಫೋನಿನಲ್ಲಿರೋ ನಕಾಶೆಯನ್ನ ಮೊದಲು ಯಾರು ಮಾಡಿದ್ದು?" ಎಂದು ಮೊನ್ನೆ ಮೊಮ್ಮಗಳು ಕೇಳಿದಳು. ಮೂವತ್ತು ವರ್ಷ ಭೂಗೋಳ ಕಲಿಸಿದವನು ನಾನು. ಗ್ರ್ಯಾಂಡ್ ಕ್ಯಾನ್ಯನ್ ಕಥೆ ಶುರುಮಾಡಿದೆ.

ಅಮೆರಿಕದ ಅರಿಜೋನಾದ ಒಣನಾಡಿನಲ್ಲಿ ಕೊಲೊರಾಡೊ ನದಿ ಐವತ್ತು-ಅರವತ್ತು ಲಕ್ಷ ವರ್ಷ ಬಂಡೆ ಕೊರೆದು ಮಾಡಿದ ಕಮರಿ ಅದು. ಉದ್ದ ಸುಮಾರು 446 ಕಿಲೋಮೀಟರ್. ಆಳ ಕೆಲವೆಡೆ 1,800 ಮೀಟರಿಗೂ ಹೆಚ್ಚು. ಮೂಲನಿವಾಸಿಗಳು ಶತಮಾನಗಳಿಂದ ಅಲ್ಲಿ ಬಾಳಿದ್ದರೂ, 1869ರಲ್ಲಿ ಸರ್ಕಾರದ ನಕಾಶೆಯಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿ.

ಆ ವರ್ಷದ ಮೇ 24ರಂದು ಜಾನ್ ವೆಸ್ಲಿ ಪೊವೆಲ್ ಒಂಬತ್ತು ಜನ ಸಂಗಾತಿಗಳೊಡನೆ ನಾಲ್ಕು ದೋಣಿಗಳಲ್ಲಿ ಹೊರಟ. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದವನು! ಎತ್ತರ ಅಳೆಯಲು ಅವನ ಬಳಿ ಬ್ಯಾರೋಮೀಟರ್ ಇತ್ತು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಅದರ ಪಾದರಸ ಇಳಿಯುತ್ತದೆ. ಒಂದು ದೋಣಿ ಬಂಡೆಗೆ ಬಡಿದು ಒಡೆದಾಗ, ಜೀವದ ಹಂಗು ತೊರೆದು ಬ್ಯಾರೋಮೀಟರುಗಳನ್ನು ಎತ್ತಿ ತಂದರು.

ಆಗಸ್ಟ್ ಬರುವಷ್ಟರಲ್ಲಿ ಹಿಟ್ಟಿಗೆ ಬೂಸ್ಟು ಹಿಡಿದಿತ್ತು. 28ರಂದು ಎದುರಿಗೆ ಮತ್ತೊಂದು ಭೋರ್ಗರೆವ ಸೆಳವು. ಮುಂದೆ ಇನ್ನೆಷ್ಟು ದೂರವೋ! ಮೂವರು "ಸಾಕಪ್ಪಾ" ಎಂದು ಬಂಡೆ ಹತ್ತಿ ಹೊರಟುಬಿಟ್ಟರು. ನಕಾಶೆ ಬರೆಯುತ್ತಿದ್ದ ಹೌಲಂಡ್ ಕೂಡ ಅವರಲ್ಲೊಬ್ಬ. ದೋಣಿಯಲ್ಲೇ ಮುಂದುವರಿದ ಆರು ಮಂದಿ ಮರುದಿನವೇ ಕಮರಿಯಿಂದ ಹೊರಬಂದರು. ಹೋದ ಮೂವರು ದಾರಿಯಲ್ಲಿ ಕೊಲೆಯಾದರು.

ಮೊಮ್ಮಗಳು ಮಾತಾಡಲಿಲ್ಲ.

1902ರಲ್ಲಿ ಫ್ರಾಂಸ್ವಾ ಮ್ಯಾಥೀಸ್ ಎಂಬ ಸರ್ವೇಯರ್ ಬಂದ. ಮೂರು ಕಾಲಿನ ಸರ್ವೆ ಹಲಗೆಯ ಮೇಲೆ ಕಾಗದ ಹಾಸಿ, ದೂರದ ಶಿಖರಗಳಿಗೆ ಗುರಿಹಿಡಿದು, ಸಮೋನ್ನತ ರೇಖೆಗಳನ್ನು ಎಳೆದ. ದೇವಸ್ಥಾನದ ಕಲ್ಯಾಣಿಯನ್ನು ಮೇಲಿನಿಂದ ನೋಡಿದ್ದೀರಲ್ಲ ಮಕ್ಕಳೇ? ಮೆಟ್ಟಿಲ ಅಂಚುಗಳು ಗೆರೆಗಳಂತೆ ಕಾಣುತ್ತವೆ. ಇದೂ ಹಾಗೆಯೇ. ಒಂದು ಗೆರೆಯ ಮೇಲಿನ ಜಾಗವೆಲ್ಲ ಒಂದೇ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಬಂಡೆ, ದೂರ ದೂರವಿದ್ದರೆ ಇಳಿಜಾರು ಕಡಿಮೆ.

ಮುಂದೆ ಬ್ರಾಡ್‌ಫರ್ಡ್ ಮತ್ತು ಬಾರ್ಬರಾ ವಾಶ್‌ಬರ್ನ್ ದಂಪತಿ ಹೆಲಿಕಾಪ್ಟರಿನಲ್ಲಿ ಶಿಖರ ಶಿಖರಕ್ಕೆ ಇಳಿದು, ಲೇಸರಿನಿಂದ ದೂರ ಅಳೆದರು. ಏಳು ವರ್ಷದ ಆ ದುಡಿಮೆಯ ನಕಾಶೆ 1978ರಲ್ಲಿ ಅಚ್ಚಾಯಿತು.

"ಆ ಮೂವರು ಹತ್ತಿದ್ದು ಎಲ್ಲಿ ತಾತಾ?"

ಫೋನಿನಲ್ಲಿ ತೋರಿಸಿದೆ. ಅದಕ್ಕೀಗ ಸೆಪರೇಶನ್ ಕ್ಯಾನ್ಯನ್, ಅಂದರೆ ಅಗಲಿಕೆಯ ಕಮರಿ ಎಂದೇ ಹೆಸರು. ಅಲ್ಲಿಂದ ಕಮರಿಯ ಕೊನೆಯವರೆಗೆ ಅವಳು ಬೆರಳಿಟ್ಟು ಅಳೆದಳು.

"ಇಷ್ಟೇನಾ!" ಎಂದಳು.

ಹೌದು, ಅಷ್ಟೇ. ಆದರೆ ಅಂದು ಅದನ್ನು ಅವರಿಗೆ ಹೇಳುವ ನಕಾಶೆ ಇರಲಿಲ್ಲ.